ಒಡೆಯ ಬದಲಾದ, ಗಣಿ ಬದಲಾಗಲಿಲ್ಲ

ಗೆದ್ದ ಸಿನಿಮಾಕ್ಕೆ ಎರಡನೇ ಭಾಗ ಬಂದಾಗ ಜನ ಕೇಳುವುದು ಒಂದೇ ಪ್ರಶ್ನೆ: ಮೊದಲನೇದರಷ್ಟು ಚೆನ್ನಾಗಿದೆಯಾ? 'ಕೆ.ಜಿ.ಎಫ್. ಚಾಪ್ಟರ್ 2' ಬಂದಾಗಲೂ ಕೇಳಿದರು. ಟೀ ಅಂಗಡಿಯಲ್ಲಿ ಕೇಳಿದರು, ಹಾಸ್ಟೆಲಿನಲ್ಲಿ ಕೇಳಿದರು, ಬಸ್ಸಿನಲ್ಲಿ ಕೇಳಿದರು. ಸಿಕ್ಕ ಉತ್ತರ ಮಾತ್ರ ಬಹುಪಾಲು ಲೆಕ್ಕದ ಉತ್ತರ. ಎಷ್ಟು ಕೋಟಿ ಬಂತು, ಬಂದೂಕು ಎಷ್ಟು ದೊಡ್ಡದು, ಖಳನಾಯಕ ಯಾರು, ಎಷ್ಟು ಸಲ ಶಿಳ್ಳೆ ಬಿತ್ತು. ಮೊದಲ ಭಾಗ 2018ರ ಡಿಸೆಂಬರ್ 21ರಂದು ತೆರೆಕಂಡು ಕನ್ನಡ ಸಿನಿಮಾ ಅಲ್ಲೀತನಕ ಕಾಣದಷ್ಟು ದುಡ್ಡು ಮಾಡಿತು. ಎರಡನೇ ಭಾಗ 2022ರ ಏಪ್ರಿಲ್ 14ರಂದು, ನಡು ಬೇಸಗೆಯಲ್ಲಿ, ಐದು ಭಾಷೆಗಳಲ್ಲಿ ಬಂದು ಸಾವಿರ ಕೋಟಿ ರೂಪಾಯಿ ದಾಟಿತು. ಲೆಕ್ಕದ ಪುಸ್ತಕ ನೋಡಿ ಹೇಳುವುದಾದರೆ ಮಾತು ಅಲ್ಲಿಗೆ ಮುಗಿಯಿತು. ತಮ್ಮ ಅಣ್ಣನನ್ನು ಮೀರಿಸಿದ.

ಲೆಕ್ಕ ಬರೆಯುವವನ ಅಳತೆಗೋಲು ಬೇರೆ, ಮಣ್ಣು ಹೊತ್ತವನ ಅಳತೆಗೋಲು ಬೇರೆ. ನಾನು ಕವಿತೆ ಬರೆಯುವವನು, ಸಿನಿಮಾ ಪಂಡಿತ ಅಲ್ಲ. ಆದರೂ ನನಗೊಂದು ಅಳತೆಗೋಲು ಇದೆ. ಎರಡು ಭಾಗದಲ್ಲಿ ಬರುವ ಕತೆಯ ಮೊದಲ ಭಾಗ ನೋಡುವವರ ಹತ್ತಿರ ಸಾಲ ಮಾಡಿ ಹೋಗಿರುತ್ತದೆ. ನಮ್ಮ ಎದೆಯೊಳಗೆ ಒಂದು ಪ್ರಶ್ನೆ ಬಿತ್ತಿ, ಉತ್ತರ ಆಮೇಲೆ ಕೊಡ್ತೀನಿ ಅಂತ ಎದ್ದು ಹೋಗಿರುತ್ತದೆ. ಎರಡನೇ ಭಾಗದ ಕೆಲಸ ಆ ಸಾಲ ತೀರಿಸುವುದು. ಅದು ಹೆಚ್ಚು ಬೆಂಕಿ ಹಚ್ಚಿತೋ ಕಡಿಮೆ ಹಚ್ಚಿತೋ ಎಂಬುದು ಆಮೇಲಿನ ಮಾತು. ಹಾಗಾಗಿ ಮೊದಲ ಭಾಗ ಮಾಡಿದ ಸಾಲ ಯಾವುದು ಎಂಬುದನ್ನು ಮೊದಲು ನೋಡಬೇಕು.

ಮೊದಲ ಭಾಗವನ್ನು ಹಗುರವಾಗಿ ತಳ್ಳಿಹಾಕುವ ವಿಮರ್ಶಕರ ಜೊತೆ ನಾನಿಲ್ಲ. ಪ್ರಶಾಂತ್ ನೀಲ್ ಅಲ್ಲಿ ಒಂದು ನರಕವನ್ನು ಕಟ್ಟಿದ್ದರು. ನಾರಾಚಿ ಎಂಬ ಗಣಿ. ಸುತ್ತ ಗೋಡೆ, ಗೋಡೆಯ ಮೇಲೆ ಬಂದೂಕು. ಒಳಗೆ ಮಸಿ ಬಳಿದ ಹಾಗಿರುವ ಸಾವಿರಾರು ಜನ. ಅವರು ಹೊರಗಿನಿಂದ ಹಿಡಿದು ತಂದವರು. ಒಳಗೆ ಬಂದವರು ಹೊರಗೆ ಹೋಗುವುದಿಲ್ಲ. ಭುವನ್ ಗೌಡರ ಕ್ಯಾಮೆರಾ ಅಲ್ಲಿ ಬೆಳಕನ್ನು ಕೂಲಿಯ ಹಾಗೆ ಎಣಿಸಿ ಎಣಿಸಿ ಕೊಡುತ್ತದೆ. ಧೂಳು, ಹೊಗೆ, ಪಂಜಿನ ಕೆಂಪು ಬಿಟ್ಟರೆ ಬೇರೆ ಬಣ್ಣವಿಲ್ಲ. ಕನ್ನಡದ ದೊಡ್ಡ ಬಜೆಟ್ಟಿನ ಸಿನಿಮಾಗಳು ಸಾಮಾನ್ಯವಾಗಿ ಅರಮನೆ ತೋರಿಸುತ್ತವೆ, ವಿದೇಶದ ಬೀದಿ ತೋರಿಸುತ್ತವೆ. ಅಷ್ಟೊಂದು ದುಡ್ಡು ಸುರಿದು ದುಡಿಯುವವರ ಕೊಳೆಯನ್ನು ಅಷ್ಟು ಹೊತ್ತು ತೋರಿಸಿದ ಸಿನಿಮಾ ನನಗೆ ಬೇರೆ ನೆನಪಾಗುತ್ತಿಲ್ಲ.

ಆ ಭಾಗದ ನಡಿಗೆಯಲ್ಲೂ ಒಂದು ತಾಳ್ಮೆ ಇದೆ. ರಾಕಿ ನಾರಾಚಿಗೆ ಬರುವುದು ಜನರನ್ನು ಉದ್ಧಾರ ಮಾಡಲಿಕ್ಕಲ್ಲ. ಗರುಡ ಎಂಬ ಯಜಮಾನನನ್ನು ಕೊಲ್ಲಲು ಸುಪಾರಿ ತೆಗೆದುಕೊಂಡು ಬರುತ್ತಾನೆ. ಕೂಲಿಯ ವೇಷ ಹಾಕಿ ಅವರ ನಡುವೆ ಸೇರುತ್ತಾನೆ. ಮೊದಮೊದಲು ಕಣ್ಣೆದುರೇ ಅನ್ಯಾಯ ನಡೆದರೂ ಸುಮ್ಮನೆ ನಿಲ್ಲುತ್ತಾನೆ. ಈ ಸುಮ್ಮನಿರುವಿಕೆ ನಾಯಕನ ಸಿನಿಮಾದಲ್ಲಿ ಅಪರೂಪ. ಆಮೇಲೆ ಕಣ್ಣು ಕಾಣದ ಮುದುಕನ ಪ್ರಸಂಗ ಬರುತ್ತದೆ. ದುಡಿಯಲು ಆಗದ ದೇಹಕ್ಕೆ ಅಲ್ಲಿ ಬದುಕುವ ಹಕ್ಕಿಲ್ಲ. ಮುದುಕನಿಗೆ ಕಣ್ಣಿಲ್ಲ ಎಂದು ಕಾವಲಿನವರಿಗೆ ಗೊತ್ತಾಗಿ ಅವನ ಕತೆ ಮುಗಿಸಲು ಹೊರಟಾಗ ರಾಕಿಯ ಕೈ ಏಳುತ್ತದೆ. ಆ ಹೊಡೆದಾಟದಲ್ಲಿ ನಾವು ನೋಡುವುದು ರಾಕಿಯ ತೋಳನ್ನಷ್ಟೇ ಅಲ್ಲ. ಬಾಗಿಲ ಸಂದಿನಲ್ಲಿ, ಗೋಡೆಯ ಮರೆಯಲ್ಲಿ ನಿಂತು ನೋಡುವ ಆ ಜನರ ಕಣ್ಣುಗಳನ್ನೂ ನೋಡುತ್ತೇವೆ. ಹೆದರಿಕೆ ಸಡಿಲವಾಗುವುದು ಆ ಕಣ್ಣುಗಳಲ್ಲೇ ಗೊತ್ತಾಗುತ್ತದೆ. ಕೊನೆಗೆ ದೇವಿಯ ಮುಂದೆ, ಬಲಿ ಕೊಡಲು ನಿಂತ ಗರುಡನ ತಲೆಯೇ ಉರುಳುತ್ತದೆ. ಬಲಿ ಕೊಡುವವನೇ ಬಲಿಯಾದ.

ಪರದೆ ಕಪ್ಪಾಯಿತು. ನಮ್ಮ ಹುಡುಗರು ಶಿಳ್ಳೆ ಹೊಡೆದರು. ಆ ಶಿಳ್ಳೆಯನ್ನು ಅವಮಾನ ಮಾಡಬೇಡಿ. ಇಂಗ್ಲಿಷ್ ಪತ್ರಿಕೆಯಲ್ಲಿ ಬರೆಯುವ ದೊಡ್ಡ ವಿಮರ್ಶಕರಿಗೆ ಅದು ಬರೀ ಗದ್ದಲ. ನನ್ನ ಮನೆತನದಲ್ಲಿ ಡಿಗ್ರಿ ಮುಟ್ಟಿದವನು ನಾನೇ ಮೊದಲು. ಆಸ್ಪತ್ರೆಗೆ ದುಡ್ಡಿಲ್ಲದೆ ತಾಯಿ ಸಾಯುವುದು, ಹತ್ತು ವರ್ಷದ ಹುಡುಗ ಬರಿಗೈಲಿ ದೊಡ್ಡ ಊರಿಗೆ ಹೋಗಿ ಬೂಟು ತಿಕ್ಕುವುದು, ಇವು ನಮಗೆ ಕತೆ ಅಲ್ಲ, ನೆಂಟರ ಮನೆಯ ಸುದ್ದಿ. ಬೊಂಬಾಯಿಯ ರಸ್ತೆಯಲ್ಲಿ ಕೂಸು ಎತ್ತಿಕೊಂಡ ಒಬ್ಬ ಬಡತಾಯಿಯ ಬನ್ನು ಕೆಳಗೆ ಬಿದ್ದಾಗ ರಾಕಿ ಬಂದೂಕು ತೋರಿಸಿ ಕಾರುಗಳನ್ನೆಲ್ಲ ನಿಲ್ಲಿಸುತ್ತಾನಲ್ಲ, ಅಲ್ಲಿ ಬಿದ್ದ ಶಿಳ್ಳೆ ಬಂದೂಕಿಗೆ ಬಿದ್ದದ್ದಲ್ಲ. ಒಂದು ಬನ್ನಿಗಾಗಿ ಶ್ರೀಮಂತರ ಬೀದಿಯೆಲ್ಲ ನಿಂತಿತಲ್ಲ, ಅದಕ್ಕೆ ಬಿದ್ದದ್ದು.

ಹೀಗೆ ಮೊದಲ ಭಾಗ ಬಿತ್ತಿದ ಪ್ರಶ್ನೆ ಇದು: ಯಜಮಾನ ಸತ್ತ. ಇನ್ನು ಈ ಗಣಿ ಯಾರದು? ಗೋಡೆ ಬೀಳುತ್ತದಾ? ಒಳಗಿನವರು ಹೊರಗೆ ಹೋಗುತ್ತಾರಾ? ಅವರು ಅಗೆದ ಚಿನ್ನದಲ್ಲಿ ಅವರಿಗೆ ಪಾಲುಂಟಾ? ನಾಲ್ಕು ತಲೆಮಾರು ಒಡೆಯರ ಮನೆಯಲ್ಲಿ ಜೀತ ಮಾಡಿದ ಕೇರಿಯಲ್ಲಿ ಕೂತು ನೋಡಿದವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇಲ್ಲ. ಜೀತ ಹೋದ ಮಾರನೇ ದಿನ ಏನು?

ಮೂರೂವರೆ ವರ್ಷ ಕಾದ ಮೇಲೆ ಎರಡನೇ ಭಾಗ ಬಂತು. ಅದು ಕೊಟ್ಟ ಉತ್ತರ: ಹೊಸ ಯಜಮಾನ ಬಂದ.

ಅಷ್ಟೇನೆ. ಗೋಡೆ ಬೀಳುವುದಿಲ್ಲ. ಗಣಿ ನಿಲ್ಲುವುದಿಲ್ಲ, ಕೆಲಸ ಇನ್ನೂ ಜೋರಾಗುತ್ತದೆ. ಅದೇ ಮಸಿ, ಅದೇ ಧೂಳು, ಅದೇ ತಲೆಹೊರೆ. ರಾಕಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂರುತ್ತಾನೆ, ಕೋಟು ಹಾಕುತ್ತಾನೆ, ಹೆಲಿಕಾಪ್ಟರಿನಲ್ಲಿ ಓಡಾಡುತ್ತಾನೆ. ಜನ ಕೆಳಗೆ ನಿಂತು ಜೈಕಾರ ಹಾಕುತ್ತಾರೆ. ಗರುಡನ ಕಾಲದಲ್ಲಿ ಕಾವಲಿನ ದಳಕ್ಕೆ ಮುಖ್ಯಸ್ಥನಾಗಿದ್ದ ವಾನರಂ ಈಗ ರಾಕಿಯ ಬಂಟ. ನಿನ್ನೆ ಯಾರ ಬೆನ್ನಿಗೆ ಬಂದೂಕು ಹಿಡಿದಿದ್ದನೋ ಅವರ ಮಕ್ಕಳಿಗೆ ಇವತ್ತು ಬಂದೂಕು ಹಿಡಿಯುವುದನ್ನು ಕಲಿಸುತ್ತಾನೆ. ನಮ್ಮ ಹಳ್ಳಿಗಳಲ್ಲಿ ಈ ಕತೆ ಎಲ್ಲರಿಗೂ ಗೊತ್ತು. ದೊಡ್ಡ ಗೌಡರು ಹೋಗಿ ಚಿಕ್ಕ ಗೌಡರು ಬರುತ್ತಾರೆ, ಮೇಸ್ತ್ರಿ ಮಾತ್ರ ಹಳಬನೇ. 'ಹೊಸ ಗೌಡ್ರು ಒಳ್ಳೇರಂತೆ ಕಣ್ಲಾ' ಅಂತ ಕೇರಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಒಳ್ಳೇರೇ ಇರಬಹುದು. ಆದರೆ ಪಾಣಿ ಯಾರ ಹೆಸರಲ್ಲಿದೆ? ಸಿನಿಮಾ ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಇದು ಬರೀ ತತ್ವದ ತಕರಾರು ಎಂದು ಯಾರಾದರೂ ಅಂದುಕೊಳ್ಳಬಹುದು. ಹಾಗಲ್ಲ. ಪ್ರಶ್ನೆಯನ್ನು ಕೈಬಿಟ್ಟದ್ದರಿಂದ ಸಿನಿಮಾ ಸಿನಿಮಾ ಆಗಿಯೂ ಸೊರಗಿದೆ. ಖಳನಾಯಕನನ್ನೇ ತೆಗೆದುಕೊಳ್ಳಿ. ಮೊದಲ ಭಾಗದಲ್ಲಿ ರಾಮಚಂದ್ರರಾಜು ಮಾಡಿದ ಗರುಡ ಹೆಚ್ಚು ಮಾತಾಡುವುದಿಲ್ಲ. ಆದರೂ ಮೈ ನಡುಗುತ್ತದೆ. ಯಾಕೆಂದರೆ ಅವನನ್ನು ನಾವು ಕೂಲಿಯವರ ಬಗ್ಗಿದ ತಲೆಯ ಸಂದಿನಿಂದ ನೋಡಿದ್ದೇವೆ. ಎರಡನೇ ಭಾಗದಲ್ಲಿ ಸಂಜಯ್ ದತ್ ಅಧೀರನಾಗಿ ಬರುತ್ತಾರೆ. ಹೆಣೆದ ಕೂದಲು, ಎತ್ತಿದ ಕತ್ತಿ, ದಪ್ಪ ಕವಚ. ಅವರು ಬರುವಾಗ ಸದ್ದು ದೊಡ್ಡದಾಗುತ್ತದೆ, ಭಯ ದೊಡ್ಡದಾಗುವುದಿಲ್ಲ. ಅಧೀರನಿಗೂ ರಾಕಿಗೂ ಇರುವ ಜಗಳ ಆಸ್ತಿಯ ಜಗಳ. ಗರುಡನ ಚಿಕ್ಕಪ್ಪ ತನ್ನ ಮನೆತನದ ಪಾಲು ಕೇಳುತ್ತಿದ್ದಾನೆ. ಇಬ್ಬರು ಯಜಮಾನರು ಹೊಲಕ್ಕಾಗಿ ಹೊಡೆದಾಡುವಾಗ ಆಳುಗಳಿಗೆ ಯಾರು ಗೆದ್ದರೇನು? ಯಾರ ಕಡೆ ನಿಂತರೂ ಏಟು ಬೀಳುವುದು ಆಳುಗಳಿಗೇ.

ಬೀಳುತ್ತದೆ ಕೂಡ. ಈಶ್ವರಿ ರಾವ್ ಮಾಡಿದ ಫಾತಿಮಾಳ ಪಾತ್ರ ಎರಡನೇ ಭಾಗದಲ್ಲಿ ಮನಸ್ಸಿಗೆ ತಟ್ಟುವ ಕೆಲವೇ ಪಾತ್ರಗಳಲ್ಲಿ ಒಂದು. ಅವಳ ಹರೆಯದ ಮಗ ಅಧೀರನ ಕಡೆಯವರಿಂದ ಸಾಯುತ್ತಾನೆ. ಆ ತಾಯಿಯ ಮುಖದ ಮೇಲೆ ಕ್ಯಾಮೆರಾ ಇನ್ನೊಂದು ಗಳಿಗೆ ನಿಂತಿದ್ದರೆ ಒಂದು ಮಾತು ಹುಟ್ಟುತ್ತಿತ್ತು: ನಿನ್ನ ಜಗಳಕ್ಕೆ ನನ್ನ ಮಗ ಯಾಕಪ್ಪ ಸಾಯಬೇಕು? ಸಿನಿಮಾ ಅವಸರದಲ್ಲಿದೆ. ಆ ಸಾವು ರಾಕಿಯ ಸಿಟ್ಟಿಗೆ ಸೌದೆಯಾಗುತ್ತದೆ, ಮುಂದೆ ಹೋಗುತ್ತದೆ. ತಾಯಿಯ ಹೆಸರು ಹೇಳಿ ಶುರುವಾದ ಕತೆಯಲ್ಲಿ ಹೆಣ್ಣಿನ ಪಾಡು ಇಷ್ಟೇ. ಒಬ್ಬಳು ಸತ್ತು ಪ್ರೇರಣೆಯಾಗುತ್ತಾಳೆ, ಒಬ್ಬಳ ಮಗ ಸತ್ತು ಪ್ರೇರಣೆಯಾಗುತ್ತಾನೆ. ಮೊದಲ ಭಾಗದಲ್ಲಿ ಅಹಂಕಾರದಿಂದಲಾದರೂ ತನ್ನದೇ ಬಾಯಿದ್ದ ರೀನಾಳನ್ನು ಎರಡನೇ ಭಾಗದಲ್ಲಿ ಗಣಿಗೆ ತಂದಿಟ್ಟುಕೊಂಡು, ಮದುವೆ ಮಾಡಿಸಿ, ಬಸುರಿ ಮಾಡಿಸಿ, ಕೊಲ್ಲಿಸುತ್ತಾರೆ. ಅದೂ ಸೌದೆಯೇ.

ಹೇಳುವ ಧಾಟಿಯೂ ಬದಲಾಗಿದೆ. ಎರಡು ಭಾಗದಲ್ಲೂ ಕತೆ ಹೇಳಲು ಒಬ್ಬ ಲೇಖಕ ಇದ್ದಾನೆ. ಸರ್ಕಾರ ಬಹಿಷ್ಕರಿಸಿದ ಪುಸ್ತಕ ಬರೆದ ಆನಂದ್ ಇಂಗಳಗಿಯಾಗಿ ಮೊದಲು ಅನಂತನಾಗ್ ಕತೆ ಹೇಳಿದರು. ಎರಡನೇ ಭಾಗದಲ್ಲಿ ಅವನ ಮಗ ವಿಜಯೇಂದ್ರನಾಗಿ ಪ್ರಕಾಶ್ ರಾಜ್ ಬರುತ್ತಾರೆ. ಅನಂತನಾಗ್ ಅವರ ದನಿಯಲ್ಲಿ ಕಂಡವನ ಭಾರ ಇತ್ತು. ಪ್ರಕಾಶ್ ರಾಜ್ ದೊಡ್ಡ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವರಿಗೆ ಕೊಟ್ಟಿರುವ ಕೆಲಸ ಹೊಗಳುಭಟನ ಕೆಲಸ. ಪ್ರತಿ ದೃಶ್ಯಕ್ಕೂ ಮುಂಚೆ ಈಗ ಬರುವವನು ಎಂಥಾ ಗಂಡು ಎಂದು ಬಿರುದಾವಳಿ ಓದಬೇಕು. ಅರಸರ ಆಸ್ಥಾನದಲ್ಲಿ ಇದನ್ನು ಮಾಡುವವರಿದ್ದರು. ಗಣಿಯ ಕತೆಗೆ ಆಸ್ಥಾನದ ಭಾಷೆ ಬಂತು ಅಂದ ಮೇಲೆ ಗಣಿ ಅರಮನೆಯಾಯಿತು ಅಂತಲೇ ಅರ್ಥ.

ನ್ಯಾಯವಾಗಿ ಹೇಳಬೇಕಾದ ಮಾತನ್ನೂ ಹೇಳುತ್ತೇನೆ. ಕಸುಬಿನಲ್ಲಿ ಎರಡನೇ ಭಾಗ ಮೊದಲನೇದಕ್ಕಿಂತ ಕಡಿಮೆ ಇಲ್ಲ, ಕೆಲವು ಕಡೆ ಮುಂದೇ ಇದೆ. ಉಜ್ವಲ್ ಕುಲಕರ್ಣಿ ಮಾಡಿದ ಸಂಕಲನದಲ್ಲಿ ಧೈರ್ಯ ಇದೆ. ಕ್ಷಣಕ್ಷಣಕ್ಕೂ ಪರದೆ ಕಪ್ಪಾಗಿ ಮತ್ತೆ ಬೆಳಕಾಗುತ್ತ ಸಾಗುವ ಕಾರಿನ ಬೆನ್ನಟ್ಟುವ ದೃಶ್ಯ ನಮ್ಮ ಸಿನಿಮಾಕ್ಕೆ ಹೊಸದು. ಅನ್ಬರಿವ್ ಜೋಡಿಯ ಸಾಹಸ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಅನ್ಯಾಯವೇನಲ್ಲ. ರವಿ ಬಸ್ರೂರರ ಸಂಗೀತ ಮಾತ್ರ ಮೊದಲ ಭಾಗದಲ್ಲಿ ಕೂಲಿಯವರ ಏದುಸಿರಿನ ಹಾಗೆ ಕೇಳಿಸುತ್ತಿತ್ತು, ಇಲ್ಲಿ ಉತ್ಸವದ ನಗಾರಿಯಾಗಿದೆ.

ಇನ್ನೊಂದು ವಿಷಯದಲ್ಲಿ ಎರಡನೇ ಭಾಗ ಮೊದಲನೇದಕ್ಕಿಂತ ಪ್ರಾಮಾಣಿಕವಾಗಿದೆ ಅಂತಲೇ ಹೇಳಬೇಕು. ಅದು ಕಳ್ಳನನ್ನೂ ಸರ್ಕಾರವನ್ನೂ ಎದುರುಬದುರು ಕೂರಿಸುತ್ತದೆ. ರವೀನಾ ಟಂಡನ್ ಮಾಡಿದ ಪ್ರಧಾನಿ ರಮಿಕಾ ಸೇನ್, 1981ರ ಕಾಲ, ದೆಹಲಿಯ ಕಚೇರಿ. ರಾಕಿ ಅಲ್ಲಿಗೇ ಹೋಗಿ ಕೂರುತ್ತಾನೆ. ಗಣಿಯ ಚಿನ್ನ ತಿಂದವರ ಪಟ್ಟಿಯಲ್ಲಿ ಆಳುವ ಪಕ್ಷದ ಗುರು ಪಾಂಡ್ಯನ್ ಕೂಡ ಇದ್ದಾನೆ ಎಂದು ಸಿನಿಮಾ ಹೇಳುತ್ತದೆ. ಕೊನೆಗೆ ಸಂಸತ್ತಿನ ಒಳಗೇ ನುಗ್ಗಿ ಅವನನ್ನು ಕೊಲ್ಲಿಸುತ್ತದೆ. ಮೇಲೆ ಕೂತವರಿಗೆ ಪಾಲು ಮುಟ್ಟದೆ ಇಂಥ ಗಣಿ ನಡೆಯುವುದಿಲ್ಲ ಎಂಬ ಸತ್ಯ ಇಲ್ಲಿ ಬಾಯಿಬಿಟ್ಟು ಬಂದಿದೆ. ಆದರೆ ಈ ಸತ್ಯವೂ ರಾಕಿಯ ಮೀಸೆಗೆ ಎಣ್ಣೆಯಾಗುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ. ಅದೇ ಭಾಗದಲ್ಲಿ ಪೊಲೀಸರು ಹಿಡಿದಿಟ್ಟ ಒಂದೇ ಒಂದು ಚಿನ್ನದ ಬಿಸ್ಕತ್ತಿಗಾಗಿ ರಾಕಿ ಇಡೀ ಠಾಣೆಯನ್ನು ದೈತ್ಯ ಬಂದೂಕಿನಿಂದ ಪುಡಿ ಮಾಡುತ್ತಾನೆ. ಕಾದು ಕೆಂಪಾದ ನಳಿಗೆಯಿಂದ ಸಿಗರೇಟು ಹಚ್ಚುತ್ತಾನೆ. ಆ ಬಂದೂಕಿನ ಹೆಸರು 'ದೊಡ್ಡಮ್ಮ'. ನಮ್ಮ ಕೇರಿಗಳಲ್ಲಿ ಅವ್ವ ಇಲ್ಲದ ಹೊತ್ತಿನಲ್ಲಿ ಮುದ್ದೆ ತಿನ್ನಿಸಿದವಳಿಗೆ ಆ ಹೆಸರು. ಅದನ್ನು ಬಂದೂಕಿಗೆ ಇಟ್ಟರಲ್ಲ ಅಂತ ಒಂದು ಗಳಿಗೆ ಸಂಕಟವಾಯಿತು.

ಎರಡು ದೃಶ್ಯ ಪಕ್ಕಪಕ್ಕ ಇಟ್ಟು ನೋಡಿ. ಮೊದಲ ಭಾಗದಲ್ಲಿ ಒಂದು ಬನ್ನಿಗಾಗಿ ಬೀದಿ ನಿಂತಿತು. ಎರಡನೇ ಭಾಗದಲ್ಲಿ ಒಂದು ಬಿಸ್ಕತ್ತಿಗಾಗಿ ಠಾಣೆ ಉರುಳಿತು. ಬನ್ನು ಹಸಿದವಳದು. ಬಿಸ್ಕತ್ತು ಯಜಮಾನನದು. ಎರಡು ಭಾಗಗಳ ನಡುವೆ ರಾಕಿ ನಡೆದ ದೂರ ಅಷ್ಟು.

ಕತೆಯ ಕೊನೆಯಲ್ಲಿ ರಾಕಿ ಜನರನ್ನು ಗಣಿಯಿಂದ ಬೇರೆಡೆಗೆ ಕಳಿಸಿ, ಚಿನ್ನವನ್ನೆಲ್ಲ ಹಡಗಿಗೆ ತುಂಬಿಕೊಂಡು ಸಮುದ್ರಕ್ಕೆ ಇಳಿಯುತ್ತಾನೆ. ಸರ್ಕಾರ ಬಾಂಬು ಹಾಕುತ್ತದೆ. ಹಡಗು ಮುಳುಗುತ್ತದೆ, ಚಿನ್ನ ಮುಳುಗುತ್ತದೆ, ಅವನೂ ಮುಳುಗುತ್ತಾನೆ. ಸಾಯುವಾಗ ಶ್ರೀಮಂತನಾಗಿಯೇ ಸಾಯಬೇಕು ಎಂದು ತಾಯಿ ತೆಗೆದುಕೊಂಡ ಮಾತು ಈಡೇರಿತು. ಥಿಯೇಟರಿನಲ್ಲಿ ಕೆಲವರು ಕಣ್ಣೊರೆಸಿಕೊಂಡರು. ನಾನು ಯೋಚಿಸುತ್ತಿದ್ದದ್ದು ಬೇರೆ. ಆ ಚಿನ್ನ ಅವನ ತಾಯಿಯದಾಗಿರಲಿಲ್ಲ. ಫಾತಿಮಾಳಂಥ ನೂರಾರು ತಾಯಂದಿರ ಮಕ್ಕಳು ಅಗೆದದ್ದು. ಒಬ್ಬ ತಾಯಿಗೆ ಕೊಟ್ಟ ಮಾತು ಉಳಿಸಲು ಅಷ್ಟೂ ತಾಯಂದಿರ ದುಡಿಮೆಯನ್ನು ಕಡಲಿಗೆ ಎಸೆದದ್ದು ತ್ಯಾಗ ಹೇಗಾಗುತ್ತದೆ? ಚಿನ್ನ ಅಗೆದವರಿಗೆ ಒಂದು ಗುಲಗಂಜಿ ಬಿಟ್ಟು ಹೋಗಬೇಕು ಎಂದು ಬರೆದವರಿಗೂ ಹೊಳೆಯಲಿಲ್ಲ, ನೋಡಿದವರಿಗೂ ಹೊಳೆಯಲಿಲ್ಲ.

'ಅಯ್ಯೋ, ಅದು ಮನರಂಜನೆಯ ಸಿನಿಮಾ ಮಾರಾಯ, ಅದರ ತಲೆ ಮೇಲೆ ಇಷ್ಟು ಭಾರ ಯಾಕೆ ಹೇರ್ತೀಯ?' ಅಂತ ಗೆಳೆಯರು ಕೇಳುತ್ತಾರೆ. ಭಾರ ನಾನು ಹೇರಿದ್ದಲ್ಲ. ಹೆಸರನ್ನು ಅವರೇ ಎತ್ತಿಕೊಂಡಿದ್ದಾರೆ. ಕೆ.ಜಿ.ಎಫ್. ಅನ್ನುವುದು ಕೋಲಾರ ಜಿಲ್ಲೆಯ ಒಂದು ನಿಜವಾದ ಊರು. ಸಿನಿಮಾದ ಚಿತ್ರೀಕರಣ ನಡೆದದ್ದೂ ಅಲ್ಲಿನ ಸೈನೈಡ್ ದಿಬ್ಬಗಳ ಮೇಲೆ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಬೆಟ್ಟವಾಗಿ ಬಿದ್ದಿರುವ ಜಾಗ ಅದು. ಆ ಮಣ್ಣನ್ನು ಪರದೆಗೆ ತಂದ ಮೇಲೆ ಅದನ್ನು ಹೊತ್ತವರ ಮಾತು ಬಂದೇ ಬರುತ್ತದೆ.

ಸಿನಿಮಾದೊಳಗೆ ಗಣಿ ಸಿಕ್ಕಿದ್ದು 1951ರಲ್ಲಿ. ನಿಜವಾದ ಊರಿನಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲೇ ಇಳಿದಿತ್ತು. ಕೆಳಗೆ ಇಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು ಮುಂತಾದ ಕಡೆಯಿಂದ ಬರಗಾಲ, ಜಮೀನ್ದಾರರ ಕಾಟ ತಾಳದೆ ಬಂದ ತಮಿಳು ದಲಿತರು. ಚಿತ್ತೂರು ಕಡೆಯ ತೆಲುಗರೂ ಇದ್ದರು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೇಲೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಕಾವು 60 ಡಿಗ್ರಿ ದಾಟುತ್ತಿತ್ತು. ಬಂಡೆ ಒಳಗಿನಿಂದಲೇ ಸಿಡಿದು ಜನ ಸಾಯುತ್ತಿದ್ದರು. ಉಳಿದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಕೂತು ಸಿಲಿಕೋಸಿಸ್ ಆಗುತ್ತಿತ್ತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಮೇಲೆ ಬಂತು.

ಈ ಊರಿಗೂ ಒಂದು ಎರಡನೇ ಭಾಗ ಇದೆ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಣ ಮಾಡಿತು. 1962ರಲ್ಲಿ ಅವು ಕೇಂದ್ರ ಸರ್ಕಾರದ ಕೈಗೆ ಹೋದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಹುಟ್ಟಿತು. ಬಿಳಿ ಯಜಮಾನ ಹೋದ, ನಮ್ಮದೇ ಸರ್ಕಾರ ಯಜಮಾನನಾಯಿತು. ಜನ ಆಗಲೂ ಜೈಕಾರ ಹಾಕಿದರು. ಕಡೆಗೆ 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿಯವರ ಮಕ್ಕಳು, ಮೊಮ್ಮಕ್ಕಳು ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ, ಕಾವಲಿಗೆ, ಅಂಗಡಿ ಕೆಲಸಕ್ಕೆ ಹೋಗಿ ರಾತ್ರಿ ವಾಪಸು ಬರುವ ಬದುಕು ಶುರುವಾಯಿತು. 2024ರ ಜೂನ್‌ನಲ್ಲಿ ಆ 13 ದಿಬ್ಬಗಳ ಮಣ್ಣಿನಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಮಣ್ಣಿಗೆ ಮತ್ತೆ ಬೆಲೆ ಬಂತು.

ಸಿನಿಮಾದ ಎರಡನೇ ಭಾಗ ಈ ನಿಜದ ಎರಡನೇ ಭಾಗವನ್ನು ಅರಿಯದೆಯೇ ಹೋಲುತ್ತದೆ ಅನ್ನುವುದು ಸೋಜಿಗ. ಎರಡರಲ್ಲೂ ಒಡೆಯ ಬದಲಾದ, ಗಣಿ ಬದಲಾಗಲಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ನಾರಾಚಿಯ ಜನ ಯಾರೋ ಬರಲಿ ಅಂತ ಕಾಯುತ್ತಾರೆ. ನಿಜವಾದ ಕೆ.ಜಿ.ಎಫ್. ಜನ ಕಾಯಲಿಲ್ಲ. ಬೆರಳಚ್ಚು ಕೊಡಬೇಕು ಎಂದು ಕಂಪನಿ ಹೇಳಿದಾಗ 1930ರಲ್ಲಿ ಸಾವಿರಾರು ಜನ ಕೆಲಸ ನಿಲ್ಲಿಸಿದರು. ನಾವು ಕಳ್ಳರಲ್ಲ, ಬೆರಳು ಕೊಡುವುದಿಲ್ಲ ಎಂದರು. 1946ರಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಎದೆ ಕೊಟ್ಟರು. ಪಂಡಿತ ಅಯೋತ್ತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಶುರು ಮಾಡಿದ 'ತಮಿಳನ್' ಪತ್ರಿಕೆ, ಅವರು ತೀರಿಕೊಂಡು ಎಷ್ಟೋ ವರ್ಷವಾದ ಮೇಲೆ, ಗಣಿಯ ಊರಿನಿಂದಲೇ ಮತ್ತೆ ಹೊರಟಿತು. ಗಣಿಯಲ್ಲಿ ಬೆವರು ಸುರಿಸುವವರ ಊರಿನಿಂದ ಪತ್ರಿಕೆ! ಮಾರಿಕುಪ್ಪದಲ್ಲಿ ಬೌದ್ಧ ಸಂಘ ಕಟ್ಟಿದರು. ಮುಂದೆ ಅದೇ ಜನ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳಿಸಿದರು. ಓದಿದರು, ಸಂಘ ಕಟ್ಟಿದರು, ಹೋರಾಡಿದರು. ಬಂದೂಕು ಹಿಡಿದ ಒಬ್ಬ ಅನಾಥ ಬೊಂಬಾಯಿಯಿಂದ ಬರಲಿ ಅಂತ ಗುಡ್ಡದ ಕಡೆ ನೋಡುತ್ತ ಕೂರಲಿಲ್ಲ.

ಇದನ್ನೆಲ್ಲ ಸಿನಿಮಾ ತೋರಿಸಲೇಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಸಿನಿಮಾ ಇತಿಹಾಸದ ಪಾಠ ಅಲ್ಲ. ನಾನು ಕೇಳುವುದು ಅದರ ಸ್ವಂತ ಕತೆಯ ನ್ಯಾಯವನ್ನೇ. ಮೊದಲ ಭಾಗದಲ್ಲಿ ಆ ಕಣ್ಣುಗಳನ್ನು ತೋರಿಸಿದವರು ನೀವು. ಹೆದರಿಕೆ ಬಿಟ್ಟ ಕಣ್ಣು ಮುಂದೆ ಏನನ್ನು ನೋಡುತ್ತದೆ ಎಂದು ಹೇಳಬೇಕಾದವರೂ ನೀವೇ. ಅವರಲ್ಲಿ ಒಬ್ಬನಾದರೂ ಎದ್ದು ನಿಂತು 'ಅಣ್ಣ, ಲೆಕ್ಕ ನಾವು ಬರೀತೀವಿ' ಎಂದಿದ್ದರೆ ಸಾಕಿತ್ತು. ರಾಕಿ ಒಪ್ಪುತ್ತಿದ್ದನೋ ಬಿಡುತ್ತಿದ್ದನೋ, ಆಗ ಅಲ್ಲಿ ನಿಜವಾದ ಜಗಳ ಹುಟ್ಟುತ್ತಿತ್ತು. ಅಧೀರನ ಕತ್ತಿಗಿಂತ ಆ ಮಾತು ಹರಿತವಾಗಿರುತ್ತಿತ್ತು. ಕತೆಗೆ ಬೇಕಾದ ಎದುರಾಳಿ ಗಣಿಯ ಒಳಗೇ ಇದ್ದ. ಅವನನ್ನು ಬಿಟ್ಟು ಹೊರಗಿನಿಂದ ಖಳರನ್ನು ಕರೆಸಿಕೊಂಡರು.

ಈ ತಪ್ಪಿನ ಬೀಜ ಮೊದಲ ಭಾಗದಲ್ಲೇ ಇರಲಿಲ್ಲವೇ? ಇತ್ತು. ಅಲ್ಲೂ ನಾರಾಚಿಯ ಜನಕ್ಕೆ ಊರಿಲ್ಲ, ಜಾತಿಯಿಲ್ಲ, ತಮ್ಮದೇ ಅನ್ನುವ ಭಾಷೆಯಿಲ್ಲ. ಈ ದೇಶದಲ್ಲಿ ಯಾರು ಗುಂಡಿಗೆ ಇಳಿಯುತ್ತಾರೆ, ಯಾರು ಇಳಿಸುತ್ತಾರೆ ಎಂಬುದು ಜಾತಿ ಕೇಳದೆ ತೀರ್ಮಾನವಾಗುವುದಿಲ್ಲ. ಮಸಿ ಬಳಿದುಬಿಟ್ಟರೆ ಎಲ್ಲರ ಜಾತಿಯೂ ಅಳಿಸಿಹೋಗುತ್ತದೆ ಎಂದು ಸಿನಿಮಾ ತಿಳಿದಿದೆ. ಆದರೂ ಮೊದಲ ಭಾಗದಲ್ಲಿ ಆ ಬೀಜದ ಪಕ್ಕ ಇನ್ನೊಂದು ಬೀಜವೂ ಇತ್ತು. ಎರಡನೇ ಭಾಗ ಒಂದಕ್ಕೆ ಮಾತ್ರ ನೀರೆರೆಯಿತು.

2024ರ ಆಗಸ್ಟ್ 15ರಂದು ಇದೇ ಮಣ್ಣಿನ ಮೇಲೆ ತಮಿಳಿನಲ್ಲಿ ಪಾ. ರಂಜಿತ್ ಅವರ 'ತಂಗಲಾನ್' ಬಂತು. ಅಲ್ಲೂ ಚಿನ್ನ ಇದೆ, ಬಿಳಿ ದೊರೆ ಇದ್ದಾನೆ. ಆದರೆ ಗಣಿಗೆ ನಡೆದು ಹೋಗುವವರು ಉತ್ತರ ಆರ್ಕಾಟಿನ ಒಂದು ಕೇರಿಯ ಜನ. ಅವರಿಗೆ ಹೆಸರಿದೆ, ಊರಿದೆ, ದೇವರಿದೆ, ತಮ್ಮದೇ ನೆಲದ ಆಸೆಯಿದೆ. ವಿಕ್ರಮ್ ಮಾಡಿದ ತಂಗಲಾನ್ ಯಾರನ್ನೋ ಉದ್ಧರಿಸಲು ಹೊರಗಿನಿಂದ ಬಂದವನಲ್ಲ, ಆ ಕೇರಿಯವನೇ. ಆ ಸಿನಿಮಾದಲ್ಲಿ ಗೊಂದಲ ಇದೆ, ಕನಸು ಎಲ್ಲಿ ಮುಗಿಯಿತು ಕತೆ ಎಲ್ಲಿ ಶುರುವಾಯಿತು ಎಂದು ತಿಳಿಯದೆ ತಲೆ ತಿರುಗುತ್ತದೆ. ಸಾವಿರ ಕೋಟಿಯ ಹತ್ತಿರವೂ ಅದು ಹೋಗಲಿಲ್ಲ. ಆದರೆ ಈ ಚಿನ್ನ ಯಾರದು ಎಂಬ ಪ್ರಶ್ನೆಯನ್ನು ಅದು ಕೊನೆಯತನಕ ಕೈಬಿಡಲಿಲ್ಲ. ಹೆಸರಿಗೆ ಎರಡನೇ ಭಾಗವಲ್ಲದಿದ್ದರೂ ನಮ್ಮ ಕೆ.ಜಿ.ಎಫ್. ಮಾಡಿದ ಸಾಲವನ್ನು ತೀರಿಸಲು ಹೊರಟದ್ದು ಅದೇ ಅನ್ನಿಸುತ್ತದೆ.

ಇದೇ 2024ರ ಆಗಸ್ಟಿನಲ್ಲಿ 'ಚಾಪ್ಟರ್ 2'ಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಎಂದು ರಾಷ್ಟ್ರಪ್ರಶಸ್ತಿ ಪ್ರಕಟವಾಯಿತು. ಮೊದಲ ಭಾಗಕ್ಕೆ ಪ್ರಶಸ್ತಿ ಬಂದದ್ದು ಸಾಹಸಕ್ಕೆ, ವಿಶೇಷ ಪರಿಣಾಮಕ್ಕೆ. ಅಂದರೆ ಕತೆಯಲ್ಲಿ ಪ್ರಧಾನಿಯೇ ಬಾಂಬು ಹಾಕಿಸಿದ ಆ ಕಳ್ಳನಿಗೆ ಹೊರಗೆ ಸರ್ಕಾರವೇ ಹಾರ ಹಾಕಿತು. ಯಾಕೆ ಹಾಕಬಾರದು? ಅವನು ಮುಟ್ಟಬೇಕಾದ್ದನ್ನು ಮುಟ್ಟಲೇ ಇಲ್ಲ. ಒಬ್ಬ ರಾಜಕಾರಣಿಯನ್ನು ಕೊಂದ, ಒಂದು ಠಾಣೆಯನ್ನು ಉರುಳಿಸಿದ. ಗಣಿಯ ಒಡೆತನವನ್ನು ಮಾತ್ರ ಮುಟ್ಟಲಿಲ್ಲ.

ತಾರೀಕಿನ ಮಾತೊಂದು ಉಳಿದಿದೆ. ಏಪ್ರಿಲ್ 14 ಬಾಬಾಸಾಹೇಬರು ಹುಟ್ಟಿದ ದಿನ. ರಜೆ ಇರುತ್ತದೆ, ಸಿನಿಮಾ ಬಿಡುಗಡೆಗೆ ಅನುಕೂಲ. ಬಿಟ್ಟವರಿಗೆ ಅದಕ್ಕಿಂತ ಹೆಚ್ಚಿನ ಯೋಚನೆ ಇದ್ದಿರಲಿಕ್ಕಿಲ್ಲ, ಅದಕ್ಕಾಗಿ ಅವರನ್ನು ದೂರುವುದೂ ಇಲ್ಲ. ಆದರೆ ಅವತ್ತು ಬೆಳಿಗ್ಗೆ ನೀಲಿ ಬಾವುಟ ಹಿಡಿದು ಮೆರವಣಿಗೆ ಮಾಡಿ, ಮಧ್ಯಾಹ್ನ ಥಿಯೇಟರಿಗೆ ಹೋದ ಹುಡುಗರು ನಮ್ಮ ಊರುಗಳಲ್ಲಿ ಬೇಕಾದಷ್ಟು ಜನ ಇದ್ದರು. ಬೆಳಿಗ್ಗೆ ಕೇಳಿದ್ದು ಯಾರೂ ಯಾರಿಗೂ ಒಡೆಯರಲ್ಲ ಎಂಬ ಮಾತು. ಮಧ್ಯಾಹ್ನ ನೋಡಿದ್ದು ಒಳ್ಳೆ ಒಡೆಯ ಸಿಕ್ಕಿದರೆ ಸಾಕು ಎಂಬ ಕತೆ. ಎರಡೂ ಒಂದೇ ದಿನ, ಒಂದೇ ಎದೆಯೊಳಗೆ ಹೋದವು. ಯಾವುದು ಉಳಿಯುತ್ತದೆ ಎಂಬುದೇ ನಮಗಿರುವ ಚಿಂತೆ.

ಹಾಗಾಗಿ ಗೆಳೆಯರೇ, ಎರಡನೇ ಭಾಗ ಮೊದಲನೇದರಷ್ಟು ಚೆನ್ನಾಗಿದೆಯಾ ಎಂದು ಕೇಳಿದರೆ ನನ್ನ ಉತ್ತರ: ಇಲ್ಲ. ಸದ್ದಿನಲ್ಲಿ ದೊಡ್ಡದು, ಕಸುಬಿನಲ್ಲಿ ಸಮ, ಸತ್ವದಲ್ಲಿ ಸಣ್ಣದು. ಮೊದಲನೇದು ಜೀತದವರ ಕಣ್ಣಿನಿಂದ ಯಜಮಾನನನ್ನು ನೋಡಿತು. ಎರಡನೇದು ಯಜಮಾನನ ಕುರ್ಚಿಯಿಂದ ಜೀತದವರನ್ನು ನೋಡಿತು. ನೋಡಬೇಡಿ ಅಂತ ನಾನು ಹೇಳುವುದಿಲ್ಲ. ಮೂರನೇ ಭಾಗದ ಸುಳಿವು ಕೊಟ್ಟೇ ಆ ಸಿನಿಮಾ ಮುಗಿಯುತ್ತದೆ. ಅದೂ ಬಂದರೆ ನಮ್ಮ ಹುಡುಗರು ಹೋಗುತ್ತಾರೆ, ನಾನೂ ಹೋಗುತ್ತೇನೆ. ಶಿಳ್ಳೆಯನ್ನೂ ಹೊಡೆಯೋಣ. ಆದರೆ ಹೊರಗೆ ಬಂದು ಟೀ ಕುಡಿಯುವಾಗ ಎಷ್ಟು ಕೋಟಿ ಬಂತು ಅನ್ನುವ ಮಾತಿನ ಜೊತೆಗೆ ಇನ್ನೊಂದು ಮಾತನ್ನೂ ಕೇಳಿಕೊಳ್ಳೋಣ: ಲೆಕ್ಕದ ಪುಸ್ತಕ ಈ ಸಲವಾದರೂ ಗಣಿಯವರ ಕೈಗೆ ಬಂತಾ?